ಹೆಂಚಿನ ಅಡಿಬರಹ

ಹಳೆ ಮನೆಗೆ ಕಾಲಿಟ್ಟವರು ಮೊದಲು ಮನೆಯವರ ಮುಖ ನೋಡುವುದು ವಾಡಿಕೆ. ಹೆಂಚಿನ ಹುಚ್ಚು ಹತ್ತಿದವರು ಮಾತ್ರ ಸೂರು ನೋಡುತ್ತಾರೆ. ಜಂತೆ, ರೀಪರುಗಳ ನಡುವೆ ಹೊಗೆ ಹಿಡಿದ ಮಂಗಳೂರು ಹೆಂಚಿನ ಅಡಿಮೈಯಲ್ಲಿ ಉಬ್ಬಕ್ಷರಗಳಿರುತ್ತವೆ. ಕತ್ತು ನೋಯುವವರೆಗೆ ಅವನ್ನು ಕೂಡಿಸಿ ಓದುವುದೇ ಈ ಹವ್ಯಾಸ. ನೆಲಮಂಗಲದ ಹಳೆ ಪೇಟೆಯಲ್ಲಿ ಯಾರಾದರೂ ಹೀಗೆ ಬಾಗಿಲಲ್ಲಿ ನಿಂತು ಮೇಲೆ ನೋಡತೊಡಗಿದರೆ ಒಳಗಿನಿಂದ ಪ್ರಶ್ನೆ ಬಂದೇ ಬರುತ್ತದೆ: “ಏನ್ ಸ್ವಾಮಿ, ಮನೆ ಮಾರಾಟಕ್ಕಿದೆ ಅಂತ ಯಾರಾದ್ರೂ ಹೇಳಿದ್ರಾ?”

ಕ್ಯಾಲಿಫೋರ್ನಿಯಾದ ಓಕ್‌ಲೆಂಡ್, ಬರ್ಕ್ಲಿಗಳಲ್ಲಿ ಈ ಜಾತಿಯವರು ತಲೆ ತಗ್ಗಿಸಿ ನಡೆಯುತ್ತಾರೆ. ಅಲ್ಲಿ ಫುಟ್‌ಪಾತ್ ಹಾಕಿದ ಕಂಟ್ರಾಕ್ಟರು ಹಸಿ ಕಾಂಕ್ರೀಟಿನ ಮೇಲೆ ತನ್ನ ಹೆಸರನ್ನು, ಎಷ್ಟೋ ಸಲ ಇಸವಿಯನ್ನೂ, ಒತ್ತಿ ಹೋಗಿರುತ್ತಾನೆ. ಬೀದಿ ಬೀದಿಯ ಇಸವಿಗಳನ್ನು ಸೇರಿಸಿದರೆ ಬಡಾವಣೆ ಯಾವ ಕಡೆಯಿಂದ ಬೆಳೆಯಿತೆಂದು ಗೊತ್ತಾಗುತ್ತದೆ. ಇತ್ತ ಚರಂಡಿಯ ಮೇಲೆ ಹಾಸಿದ ಚಪ್ಪಡಿ ಕಲ್ಲಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಹೆಸರು ಬೇಕಾದವರು ಸೂರನ್ನೇ ನಂಬಬೇಕು.

ಆ ಹೆಸರುಗಳ ಮೂಲ ಕಡಲ ತಡಿಯಲ್ಲಿದೆ. ಬಾಸೆಲ್ ಮಿಷನ್ನಿನ ಅಚ್ಚುಕೂಟ ನೋಡಿಕೊಳ್ಳಲು ಮಂಗಳೂರಿಗೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಲು ಕಾರಣನಾದ. ಮಣ್ಣು ನದೀದಂಡೆಯದು, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ವಿನ್ಯಾಸ ಮಾತ್ರ ಆಲ್ಸೇಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದದ್ದು. ಕುಂಬಾರರ ನಾಡಹೆಂಚನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ತಿರುವಿ ಹಾಕಬೇಕಿತ್ತು. ಕೋತಿಗಳ ಹಿಂಡು ಬಂದರಂತೂ ಮತ್ತೆ ಮೊದಲಿನಿಂದ. ಕಚ್ಚಿ ಕೂರುವ ಹೊಸ ಹೆಂಚು ಆ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿತು. ಕಾರ್ಖಾನೆಗಳು ಒಂದರ ಹಿಂದೊಂದು ಹುಟ್ಟಿದವು. ಆಲ್ಬುಕರ್ಕ್ ಅಂಡ್ ಸನ್ಸ್ 1868ರಲ್ಲೇ ಶುರುವಾಗಿತ್ತು.

ಹೊಸಬರು ಎಡವುವುದು ಇಲ್ಲೇ. ಹೆಂಚಿನ ಮೇಲೆ 1865 ಎಂದಿದ್ದರೆ ಮನೆಗೆ ನೂರೈವತ್ತು ವರ್ಷ ದಾಟಿತೆಂದು ಕುಣಿಯುತ್ತಾರೆ. ಅದು ಕಾರ್ಖಾನೆಯ ಜನ್ಮವರ್ಷ, ಮನೆಯದಲ್ಲ. ಅರ್ಧ ಶತಮಾನದ ಮೇಲೆ ಸುಟ್ಟ ಹೆಂಚಿಗೂ ಅದೇ ಇಸವಿ ಬೀಳಬಹುದು.

ಕಾಲ ಗುರುತಿಸಲು ಇಸವಿಗಿಂತ ಹೆಸರೇ ವಾಸಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. 1919ರ ಸುಮಾರಿಗೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಅಚ್ಚಿನ ಹೆಸರೂ ಬದಲಾಯಿತು. ಹಾಗಾಗಿ ಸೂರಿನ ತುಂಬ ಬಾಸೆಲ್ ಮಿಷನ್ ಎಂದಿದ್ದರೆ ಹೆಂಚುಗಳು ಆ ಯುದ್ಧಕ್ಕೂ ಹಿಂದಿನವೆಂದು ಊಹಿಸಬಹುದು. ಹೆಸರಿನ ಕೆಳಗಿನ ಊರನ್ನೂ ಬಿಡಬಾರದು. ಮಿಷನ್ನಿಗೆ ಮಲ್ಪೆಯಲ್ಲೂ, ಕೇರಳದ ಕಲ್ಲಿಕೋಟೆ, ಫೆರೋಕ್‌ಗಳಲ್ಲೂ ಕಾರ್ಖಾನೆಗಳಿದ್ದವು. ಹೀಗಾಗಿ “ಮಂಗಳೂರು ಹೆಂಚು” ಎಂದು ಮನೆಯವರು ಹೆಮ್ಮೆಪಡುವ ಸರಕು ಮಂಗಳೂರಿನ ಮುಖವನ್ನೇ ಕಂಡಿರದಿರಬಹುದು.

ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಗಳ ಹೆಸರು ಸಿಕ್ಕರೆ ಓದು ಇನ್ನೂ ರುಚಿಕಟ್ಟು. ಬಿರುಗಾಳಿಗೆ ಒಡೆದಾಗ ಸಿಕ್ಕಿದ್ದನ್ನು ಹಾಕಿಸಿರಬೇಕು, ಇಲ್ಲವೇ ಇನ್ನೊಂದು ಮನೆ ಕೆಡವಿದ ಮಾಲು ಅಗ್ಗಕ್ಕೆ ಬಂದಿರಬೇಕು. ಅಡುಗೆಮನೆಯ ಕಡೆ ಮಾತ್ರ ಬೇರೆ ಹೆಸರಿದ್ದರೆ ಆ ಭಾಗ ಆಮೇಲೆ ಸೇರಿದ್ದೇ ಎಂದು ಮನೆಯ ಹಿರಿಯರನ್ನು ಕೇಳಬೇಕು. ಅಲ್ಲಿಂದ ಪಾಲು, ಜಗಳ, ಮದುವೆ ಎಲ್ಲವೂ ಹೊರಬರುತ್ತವೆ.

ಈ ಓದಿಗೆ ನೆಲಮಂಗಲಕ್ಕಿಂತ ಒಪ್ಪುವ ಊರು ಕಡಿಮೆ. ತುಮಕೂರು ರಸ್ತೆಯಿಂದ ಮಂಗಳೂರು ಹೆದ್ದಾರಿ ಕವಲೊಡೆಯುವುದೇ ಇಲ್ಲಿ. ಮೊದಲು 48 ಎಂಬ ಸಂಖ್ಯೆಯಿದ್ದ ದಾರಿ ಈಗ 75. ಹಾಸನ–ಮಂಗಳೂರು ರೈಲು ಓಡತೊಡಗಿದ್ದು 1979ರಲ್ಲಿ. ಹೆಂಚು ಯಾವ ದಾರಿಯಲ್ಲಿ, ಯಾವ ಗಾಡಿಯಲ್ಲಿ ಬಂತು ಎಂಬ ಪ್ರಶ್ನೆಗೆ ಜಗಲಿಯ ಮೇಲೆ ಕೂತ ಅಜ್ಜಂದಿರ ಬಳಿ ಉತ್ತರಗಳು ಸಿಗುತ್ತವೆ, ಒಂದಕ್ಕೊಂದು ಹೊಂದದಿದ್ದರೂ.

ಹೆಸರು ಒತ್ತುವ ಚಪಲ ಕಾರ್ಖಾನೆಗಳೊಂದಿಗೆ ಹುಟ್ಟಿದ್ದೂ ಅಲ್ಲ. ಇದೇ ತಾಲ್ಲೂಕಿನ ಮಣ್ಣೆ, ಗಂಗರ ಕಾಲದ ಮಾನ್ಯಪುರ. ಆ ಅರಸರ ಹಲವು ತಾಮ್ರಪಟಗಳ ಕೊನೆಯಲ್ಲಿ ಕೊರೆದವನ ಹೆಸರು ವಿಶ್ವಕರ್ಮಾಚಾರ್ಯ ಎಂದಿದೆ. ನೆಲಮಂಗಲ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಹೆಂಚುಗಳಿಗೆ ಅಂಥ ಸಂಪುಟವಿಲ್ಲ. ಓದುವವರು ತಮ್ಮದೇ ನೋಟ್‌ಬುಕ್ಕಿನಲ್ಲಿ ಯಾವ ಬೀದಿ, ಮಾಡಿನ ಯಾವ ಮಗ್ಗುಲು, ಯಾವ ಹೆಸರು ಎಂದು ಬರೆದಿಡುತ್ತಾರೆ. ಮಸಿ ಹಿಡಿದ ಹೆಂಚನ್ನು ಕೆರೆಯದೆ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಕ್ಷರ ಎಬ್ಬಿಸುತ್ತಾರೆ.

ಮನೆ ಕೆಡವಿದ ಮೇಲೆ ಹೆಂಚುಗಳು ಹಳೆ ಮರಮುಟ್ಟಿನ ಅಂಗಡಿ ಸೇರುತ್ತವೆ. ಅಲ್ಲಿ ಬೇರೆಯೇ ವಿದ್ಯೆ ಬೇಕು. “ಬಾಸೆಲ್ ಮಿಷನ್!” ಎಂದು ಉದ್ಗರಿಸಿದರೆ ಅಂಗಡಿಯವನ ಕಿವಿ ನೆಟ್ಟಗಾಗುತ್ತದೆ, ಬೆಲೆಯೂ ಏರುತ್ತದೆ. ನುರಿತವರು ಬೇಕಾದ್ದನ್ನು ನಾಲ್ಕಾರು ಸಾಮಾನ್ಯ ಹೆಂಚುಗಳ ನಡುವೆ ಸೇರಿಸಿ, “ದನದ ಕೊಟ್ಟಿಗೆಗೆ ಬೇಕಿತ್ತು, ಒಟ್ಟಿಗೆ ಎಷ್ಟಾಗುತ್ತೆ?” ಎಂದು ವ್ಯಾಪಾರ ಶುರು ಮಾಡುತ್ತಾರೆ.