ಬೇಥೆಸ್ದದ ಕೊಳದ ಬಳಿ

2019ರ ಅಕ್ಟೋಬರ್ ತಿಂಗಳಲ್ಲಿ ಶಾರ್ಜಾ ಮತ್ತು ದುಬೈಗಳಲ್ಲಿ ನೆಲೆಸಿರುವ ಕನ್ನಡ ಕ್ರೈಸ್ತ ಕುಟುಂಬಗಳ 43 ಮಂದಿ ನಾವು ಒಂಬತ್ತು ದಿನಗಳ ಪವಿತ್ರ ನಾಡಿನ ಯಾತ್ರೆ ಕೈಗೊಂಡೆವು. ಆ ಯಾತ್ರೆಯ ಚಿತ್ರಗಳನ್ನು ಸಂಘದ ಕ್ರಿಸ್ಮಸ್ ಕೂಟದಲ್ಲಿ ಹಲವರು ನೋಡಿದ್ದೀರಿ. ಚಿತ್ರಗಳಲ್ಲಿ ಕಾಣದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ. ಅದು ನಮ್ಮದೇ ಒಂದು ತಪ್ಪಿನ ಸಂಗತಿ. ಕಾಶಿಗಾಗಲಿ, ಮಕ್ಕಾಕ್ಕಾಗಲಿ, ಯೆರೂಸಲೇಮಿಗಾಗಲಿ, ಹಿರಿಯರನ್ನು ಕರೆದುಕೊಂಡು ಹೊರಡುವ ಎಲ್ಲರಿಗೂ ಇದು ಉಪಯೋಗಕ್ಕೆ ಬಂದೀತೆಂದು ನಂಬಿದ್ದೇವೆ.

ತಂಡದಲ್ಲಿ ಅರವತ್ತು ದಾಟಿದವರು 17 ಮಂದಿ ಇದ್ದರು. ಹೆಚ್ಚಿನವರು ಊರಿನಿಂದ ಮಕ್ಕಳ ಮನೆಗೆ ಬಂದಿದ್ದ ತಂದೆತಾಯಂದಿರು. ಆರೋಗ್ಯದ ಹೊಣೆಯನ್ನು ಒಬ್ಬ ವೈದ್ಯ, ಇಬ್ಬರು ನರ್ಸುಗಳು, ಹೀಗೆ ನಾವು ಮೂವರು ಸ್ವಇಚ್ಛೆಯಿಂದ ಹೊತ್ತಿದ್ದೆವು. ಹೊರಡುವ ಮೂರು ವಾರ ಮೊದಲೇ ಪ್ರತಿಯೊಬ್ಬ ಹಿರಿಯರ ರಕ್ತದೊತ್ತಡ, ಸಕ್ಕರೆ, ಮಾತ್ರೆಗಳ ಪಟ್ಟಿ ಎಲ್ಲವನ್ನೂ ಒಂದೊಂದು ಹಾಳೆಯಲ್ಲಿ ಬರೆದುಕೊಂಡು, ಕೊನೆಯಲ್ಲಿ ಅವರು ಏನೇನು ಮಾಡಬಾರದೆಂದು ಕೆಂಪು ಶಾಯಿಯಲ್ಲಿ ಗುರುತಿಸಿದೆವು. ನಮ್ಮ ವ್ಯವಸ್ಥೆಯ ಬಗ್ಗೆ ನಮಗೆ ಸಾಕಷ್ಟು ಹೆಮ್ಮೆಯೂ ಇತ್ತು.

ಅತಿ ಹೆಚ್ಚು ಕೆಂಪು ಗೆರೆಗಳು ಬಿದ್ದದ್ದು ಉಡುಪಿ ಕಡೆಯ ಒಬ್ಬ ಅಜ್ಜಿಯ ಹಾಳೆಯಲ್ಲಿ. ವಯಸ್ಸು 76, ಹೃದಯದ ಪಂಪಿನ ಶಕ್ತಿ ಕುಂದಿತ್ತು, ದೇಹದಲ್ಲಿ ನೀರು ನಿಲ್ಲದಂತೆ ದಿನವೂ ಬೆಳಿಗ್ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹೊಳೆಗೆ ಇಳಿಯುವುದು ಬೇಡ, ಗುಡ್ಡ ಹತ್ತುವುದು ಬೇಡ, ಯೆರೂಸಲೇಮಿನ ಶಿಲುಬೆಯ ಹಾದಿಯಲ್ಲಿ ನಡೆಯುವುದು ಬೇಡ ಎಂದು ಬರೆದೆವು. ಅಜ್ಜಿ ಮರುಮಾತಿಲ್ಲದೆ ಸಹಿ ಹಾಕಿಕೊಟ್ಟರು.

ಅಮ್ಮಾನ್ ತಲುಪಿದ ಮರುದಿನ ಮೊದಲು ಹೋದದ್ದು ನೆಬೋ ಬೆಟ್ಟಕ್ಕೆ. ವಾಗ್ದತ್ತ ನಾಡನ್ನು ಮೋಶೆಯು ಇಲ್ಲಿಂದಲೇ ನೋಡಿದನು, ಆದರೆ ಅದರೊಳಗೆ ಕಾಲಿಡಲಿಲ್ಲ ಎಂಬುದು ಧರ್ಮೋಪದೇಶಕಾಂಡದ ವೃತ್ತಾಂತ. ಬಸ್ಸು ಮೇಲಿನವರೆಗೂ ಹೋಗುವುದರಿಂದ ಅಜ್ಜಿಯೂ ಬಂದಿದ್ದರು. ಮಬ್ಬಿನಲ್ಲಿ ಕಾಣುತ್ತಿದ್ದ ಯೊರ್ದನ್ ಕಣಿವೆಯನ್ನೂ ಮೃತ ಸಮುದ್ರವನ್ನೂ ಬಹಳ ಹೊತ್ತು ನೋಡಿ, ನಮ್ಮತ್ತ ತಿರುಗಿ, "ಮೋಶೆಗೂ ಬಿಡಲಿಲ್ಲ, ನನಗೂ ಬಿಡುವುದಿಲ್ಲವಾ ಡಾಕ್ಟ್ರೇ?" ಎಂದು ನಕ್ಕರು. ನಾವೂ ನಕ್ಕೆವು. ಅದು ಕೇವಲ ತಮಾಷೆಯೆಂದು ಭಾವಿಸಿದೆವು.

ಅಲ್ಲಿಂದ ಮಾದಬಾ ಪಟ್ಟಣದ ಸಂತ ಜಾರ್ಜರ ದೇವಾಲಯ. ಆರನೆಯ ಶತಮಾನದಲ್ಲಿ ಬಣ್ಣಬಣ್ಣದ ಕಲ್ಲಿನ ಚೂರುಗಳಿಂದ ನೆಲದ ಮೇಲೆ ರಚಿಸಿದ ಭೂಪಟ ಅಲ್ಲಿದೆ; ಅಂದಿನ ಯೆರೂಸಲೇಮಿನ ಗೋಡೆ, ಬಾಗಿಲು, ಕಂಬಸಾಲುಗಳನ್ನು ಇಂದಿಗೂ ಗುರುತಿಸಬಹುದು. ಮಧ್ಯಾಹ್ನದ ಮೇಲೆ ಅಲ್-ಮಘ್ತಾಸ್‌ಗೆ ಇಳಿದೆವು. ಯೇಸುವಿಗೆ ದೀಕ್ಷಾಸ್ನಾನವಾದ ಸ್ಥಳವೆಂದು ನಂಬಲಾದ ಈ ತಾಣವನ್ನು ಯುನೆಸ್ಕೋ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯೊರ್ದನ್ ಹೊಳೆಯನ್ನು ಮನಸ್ಸಿನಲ್ಲಿ ನೇತ್ರಾವತಿಯಷ್ಟು ಅಗಲವಾಗಿ ಚಿತ್ರಿಸಿಕೊಂಡಿದ್ದ ನಮಗೆ ಅಲ್ಲಿ ಕಂಡದ್ದು ಕೆಲವೇ ಮೀಟರುಗಳ ಅಗಲದ ಕಂದು ನೀರು. ಆಚೆ ದಡದಲ್ಲಿ ಮತ್ತೊಂದು ದೇಶದ ಆಡಳಿತ, ಅಲ್ಲಿಯೂ ಬಿಳಿ ನಿಲುವಂಗಿ ತೊಟ್ಟ ಯಾತ್ರಿಕರು. ನಮ್ಮವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಮುಳುಗೆದ್ದರು. ಅಜ್ಜಿ ನಮ್ಮ ಮಾತು ಮೀರದೆ ನೆರಳಲ್ಲಿ ಕುಳಿತರು. ಮಗ ಬೊಗಸೆಯಲ್ಲಿ ತಂದ ನೀರನ್ನು ಹಣೆಗೆ ಮುಟ್ಟಿಸಿಕೊಂಡರು.

ಮೂರನೆಯ ದಿನ ಶೇಖ್ ಹುಸೇನ್ ಸೇತುವೆಯ ಮೂಲಕ ಗಡಿ ದಾಟಿದೆವು. ಇಸ್ರೇಲಿನವರು ಆಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುತ್ತಿರಲಿಲ್ಲ, ಪ್ರವೇಶದ ಗುರುತಾಗಿ ಪ್ರತ್ಯೇಕ ಚೀಟಿಯೊಂದನ್ನು ಕೊಡುತ್ತಿದ್ದರು. 43 ಚೀಟಿಗಳು ಕೈಗೆ ಬರುವಷ್ಟರಲ್ಲಿ ಗಂಟೆಗಳೇ ಕಳೆದವು. ಗಲಿಲಾಯ ಸಮುದ್ರದ ದಡದ ತಿಬೇರಿಯ ಪಟ್ಟಣವನ್ನು ತಲುಪಿದಾಗ ಕತ್ತಲಾಗಿತ್ತು.

ರಾತ್ರಿ ಒಂದೂವರೆಗೆ ಅಜ್ಜಿಯ ಮಗ ನಮ್ಮ ಕೋಣೆಯ ಬಾಗಿಲು ತಟ್ಟಿದರು. ಹೋಗಿ ನೋಡಿದರೆ ಅಜ್ಜಿ ಮಂಚದ ಅಂಚಿನಲ್ಲಿ ಕುಳಿತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ಉಸಿರಿಗಾಗಿ ಹೆಣಗುತ್ತಿದ್ದರು. ಕಾಲುಗಳು ಊದಿ, ಬೆರಳಿನಿಂದ ಒತ್ತಿದಲ್ಲಿ ಗುಳಿ ಬೀಳುತ್ತಿತ್ತು. ಶ್ವಾಸಕೋಶದ ತಳಭಾಗದಲ್ಲಿ ನೀರಿನ ಸದ್ದು. ರಕ್ತದಲ್ಲಿ ಆಮ್ಲಜನಕ 86. ಅಲ್ಲಿನ ತುರ್ತು ಸಂಖ್ಯೆ 101ಕ್ಕೆ ಕರೆ ಮಾಡಿದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ನೀರು ಇಳಿಸುವ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದ ಮೇಲೆ ಬೆಳಗಿನ ಜಾವಕ್ಕೆ ಉಸಿರು ಹದಕ್ಕೆ ಬಂತು. ಅರಬಿ ಮಾತಾಡುತ್ತಿದ್ದ ನರ್ಸ್ ಒಬ್ಬರು ಅಜ್ಜಿಯ ಬೆನ್ನು ಸವರುತ್ತ "ಶ್ವಯ್ಯ, ಶ್ವಯ್ಯ" ಎಂದಾಗ, ಮೂರು ತಿಂಗಳ ಶಾರ್ಜಾ ವಾಸದ ಫಲವಾಗಿ ಅಜ್ಜಿಗೆ ಅದು ಅರ್ಥವಾಯಿತು. ನಿಧಾನವಾಗಿ ಉಸಿರೆಳೆಯತೊಡಗಿದರು.

ಬೆಳಕು ಹರಿದ ಮೇಲೆ ಕಾರಣ ತಿಳಿಯಿತು. ಮೂರು ದಿನಗಳಿಂದ ಅವರು ಆ ಮಾತ್ರೆಯನ್ನು ಮುಟ್ಟಿಯೇ ಇರಲಿಲ್ಲ. "ಮಾತ್ರೆ ತಗೊಂಡರೆ ಅರ್ಧ ಗಂಟೆಗೊಮ್ಮೆ ಹೋಗಬೇಕು ಡಾಕ್ಟ್ರೇ. ಬಸ್ಸಿನಲ್ಲಿ ಅಷ್ಟು ಜನ ಗಂಡಸರು. ನಿಲ್ಲಿಸಿ ಅಂತ ಹೇಗೆ ಹೇಳುವುದು? ನನ್ನೊಬ್ಬಳಿಂದ ಎಲ್ಲರಿಗೂ ತಡ ಆಗುವುದು ಬೇಡ ಅಂತ ಬಿಟ್ಟೆ."

ನಮಗೆ ತಲೆ ಎತ್ತಲಾಗಲಿಲ್ಲ. ಮೊಣಕಾಲುದ್ದದ ಹೊಳೆಯ ನೀರನ್ನು ಕೆಂಪು ಶಾಯಿಯಲ್ಲಿ ನಿಷೇಧಿಸಿದ್ದ ನಾವು, ದಿನಕ್ಕೆ ಐದಾರು ಗಂಟೆ ಬಸ್ಸಿನಲ್ಲಿ ಕೂರುವ ಹೃದ್ರೋಗಿಗೆ ಶೌಚದ ವ್ಯವಸ್ಥೆ ಏನೆಂದು ಒಂದು ಮಾತೂ ಕೇಳಿರಲಿಲ್ಲ. ಹಾಳೆಯಲ್ಲಿ ಮಾತ್ರೆಯ ಹೆಸರಿತ್ತು, ಪ್ರಮಾಣವಿತ್ತು. ಅದನ್ನು ನುಂಗುವ ಮನುಷ್ಯರ ಸಂಕೋಚಕ್ಕೆ ಅಲ್ಲಿ ಸ್ಥಳವಿರಲಿಲ್ಲ.

ತಂಡದವರು ಕಪೆರ್ನೌಮಿಗೂ ನಜರೇತಿಗೂ ಹೋಗಿ ಬಂದರು. ನಮ್ಮಲ್ಲಿ ಇಬ್ಬರು ಸರದಿಯಂತೆ ಆಸ್ಪತ್ರೆಯಲ್ಲಿ ಉಳಿದೆವು. ಜ್ವರದಿಂದ ಮಲಗಿದ್ದ ಪೇತ್ರನ ಅತ್ತೆಯನ್ನು ಯೇಸು ಕೈಹಿಡಿದು ಎಬ್ಬಿಸಿದ ಊರು ಕಪೆರ್ನೌಮ್. ನಾವು ಅದನ್ನು ನೋಡಲಿಲ್ಲ. ಅದರ ಬಗ್ಗೆ ಬೇಸರವೂ ಆಗಲಿಲ್ಲ. ಎರಡನೆಯ ದಿನ ಸಂಜೆ ಬಿಡುಗಡೆಯ ಮಾತು ಬಂದಾಗ, ಅಜ್ಜಿಯನ್ನು ನೇರವಾಗಿ ಶಾರ್ಜಾಕ್ಕೆ ಕಳುಹಿಸುವುದೇ ಸರಿಯೆಂದು ಮಗನೂ ನಾವೂ ನಿರ್ಧರಿಸಿದ್ದೆವು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಬೇರೆ ಯಾವುದೂ ಬೇಡ. ಬೇಥೆಸ್ದದ ಕೊಳ ಒಂದನ್ನು ತೋರಿಸಿ ಕಳಿಸಿ."

ಗೊಲ್ಗೊಥಾವನ್ನಲ್ಲ, ಬೇತ್ಲೆಹೇಮನ್ನಲ್ಲ, ಕೊಳವೊಂದನ್ನು ಕೇಳಿದ್ದು ನಮಗೆ ಆಶ್ಚರ್ಯವೆನಿಸಿತು. ಕಾರಣವನ್ನು ಅವರು ಆಗ ಹೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಈ ಸಲ "ಬೇಡ" ಎನ್ನುವ ಮೊದಲು "ಹೇಗೆ" ಎಂದು ಯೋಚಿಸಿದೆವು. ಚಿಕಿತ್ಸೆ ನೀಡಿದ ವೈದ್ಯರೊಡನೆ ಚರ್ಚಿಸಿ, ಮಾತ್ರೆಯ ವೇಳೆಯನ್ನು ಅಂದಂದಿನ ಪ್ರಯಾಣಕ್ಕೆ ಹೊಂದಿಸಿದೆವು. ಪ್ರತಿದಿನ ಬೆಳಿಗ್ಗೆ ತೂಕ ನೋಡುವುದೆಂದಾಯಿತು. ಗಾಲಿಕುರ್ಚಿಯೊಂದನ್ನು ಬಾಡಿಗೆಗೆ ತಂದೆವು. ಯಾರ ಹೆಸರನ್ನೂ ಎತ್ತದೆ, ಇನ್ನು ಮುಂದೆ ಒಂದೂಕಾಲು ಗಂಟೆಗೊಮ್ಮೆ ಬಸ್ಸು ಕಡ್ಡಾಯವಾಗಿ ನಿಲ್ಲುವುದೆಂದು ಸಭಾಪಾಲಕರು ಘೋಷಿಸಿದರು. ಅಂದು ರಾತ್ರಿ ಊಟದ ಬಳಿಕ ಮತ್ತೆ ನಾಲ್ವರು ಹಿರಿಯರು ಒಬ್ಬೊಬ್ಬರಾಗಿ ನಮ್ಮ ಬಳಿ ಬಂದು, ತಾವೂ ಇದೇ ಕಾರಣಕ್ಕೆ ಮಾತ್ರೆ ಬಿಟ್ಟಿದ್ದಾಗಿ ತಗ್ಗಿದ ದನಿಯಲ್ಲಿ ಹೇಳಿದರು. ಅವರಲ್ಲಿ ಇಬ್ಬರು ಗಂಡಸರೇ!

ಬೇಥೆಸ್ದದ ಕೊಳ ಇರುವುದು ಯೆರೂಸಲೇಮಿನ ಹಳೆಯ ಪಟ್ಟಣದಲ್ಲಿ, ಸಿಂಹದ್ವಾರದ ಒಳಗೆ, ಸಂತ ಅನ್ನಮ್ಮನವರ ದೇವಾಲಯದ ಆವರಣದಲ್ಲಿ. ಅದನ್ನು ಕೊಳ ಎನ್ನುವುದಕ್ಕಿಂತ ಆಳವಾದ ಅಗೆತದ ಗುಂಡಿ ಎನ್ನಬಹುದು. ಕಮಾನುಗಳು, ಮುರಿದ ಕಂಬಗಳು, ಒಂದರ ಮೇಲೊಂದರಂತೆ ಬೇರೆ ಬೇರೆ ಕಾಲದ ಗೋಡೆಗಳು. ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ 38 ವರ್ಷಗಳಿಂದ ರೋಗಿಯಾಗಿದ್ದ ಮನುಷ್ಯನು ಮಲಗಿದ್ದದ್ದು ಇಲ್ಲಿ. ನೀರು ಕಲಕಿದಾಗ ಮೊದಲು ಇಳಿದವನಿಗೆ ಗುಣವಾಗುವುದೆಂಬ ನಂಬಿಕೆ ಇತ್ತು. ತನ್ನನ್ನು ಇಳಿಸಲು ಯಾರೂ ಇಲ್ಲವೆಂಬುದು ಅವನ ಅಳಲು.

ಮಗ ಆ ಅಧ್ಯಾಯವನ್ನು ಕನ್ನಡ ಬೈಬಲಿನಿಂದ ಓದಿದರು. ಓದು ಮುಗಿದ ಮೇಲೆ ಅಜ್ಜಿ ಮಾತಾಡಿದರು. ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರ ಯಜಮಾನರು ಪಾರ್ಶ್ವವಾಯು ಬಡಿದು ಹನ್ನೊಂದು ವರ್ಷ ಹಾಸಿಗೆಯಲ್ಲೇ ಇದ್ದರು. ಮಗ ಆಗ ಗಲ್ಫಿನಲ್ಲಿ. ದಿನವೂ ಬೆಳಿಗ್ಗೆ ನೆರೆಮನೆಗಳ ಇಬ್ಬರು ಹುಡುಗರು, ಒಬ್ಬ ಮೊಗವೀರ, ಇನ್ನೊಬ್ಬ ಬ್ಯಾರಿ, ಕೆಲಸಕ್ಕೆ ಹೋಗುವ ಮೊದಲು ಬಂದು ಅವರನ್ನು ಎತ್ತಿ ಬಚ್ಚಲಿಗೆ ಒಯ್ದು, ಸ್ನಾನವಾದ ಮೇಲೆ ಮತ್ತೆ ಎತ್ತಿ ತಂದು ಮಲಗಿಸುತ್ತಿದ್ದರು. "ಈ ಅಧ್ಯಾಯ ಓದುವಾಗೆಲ್ಲ ಇವರು ಅಳುತ್ತಿದ್ದರು. ಆ ಮನುಷ್ಯನಿಗೆ ಯಾರೂ ಇರಲಿಲ್ಲ, ನನಗೆ ಇದ್ದಾರೆ ಅಂತ. ಯಾವತ್ತಾದರೂ ಆ ಕೊಳದ ಹತ್ತಿರ ಹೋದರೆ ಆ ಹುಡುಗರ ಹೆಸರು ಹೇಳಿ ಸ್ತೋತ್ರ ಮಾಡು ಎಂದಿದ್ದರು."

ಅಜ್ಜಿ ಆ ಎರಡು ಹೆಸರುಗಳನ್ನು ಗಟ್ಟಿಯಾಗಿ ಹೇಳಿ, ಕೈಮುಗಿದು, ಕಣ್ಣು ಮುಚ್ಚಿದರು. ಅಷ್ಟೇ ಅವರ ಯಾತ್ರೆ. ಅಷ್ಟನ್ನೂ ನಾವು ತಪ್ಪಿಸಿಬಿಡುತ್ತಿದ್ದೆವು.

ಬಳಿಕ ನಾಲ್ವರು ಸೇರಿ ಗಾಲಿಕುರ್ಚಿಯನ್ನು ಮೆಟ್ಟಿಲುಗಳ ಮೇಲೆ ಎತ್ತಿ ದೇವಾಲಯದೊಳಗೆ ಒಯ್ದೆವು. ಹನ್ನೆರಡನೆಯ ಶತಮಾನದ ಆ ಕಲ್ಲಿನ ಕಟ್ಟಡ ನಾದಕ್ಕೆ ಹೆಸರಾದದ್ದು. ಹಾಡಿದ ಸ್ವರ ಕಮಾನುಗಳಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಅಜ್ಜಿ ಕೇಳಿದ ಕನ್ನಡ ಕೀರ್ತನೆಯನ್ನು ಎಲ್ಲರೂ ಹಾಡಿದೆವು. ತಮ್ಮ ಸರದಿಗಾಗಿ ಕಾಯುತ್ತಿದ್ದ ಬೇರೆ ದೇಶದ ತಂಡವೊಂದು ಕೊನೆಯವರೆಗೂ ಮೌನವಾಗಿ ನಿಂತು ಕೇಳಿತು. ಅಲ್ಲಿಂದ ಮುಂದೆ ಉಳಿದವರು ಶಿಲುಬೆಯ ಹಾದಿ ಹಿಡಿದರು. ಅಜ್ಜಿ ಸಂತೋಷದಿಂದ ಬಸ್ಸಿಗೆ ಮರಳಿದರು.

2023ರ ಅಕ್ಟೋಬರಿನಲ್ಲಿ ಆರಂಭವಾದ ಯುದ್ಧದಿಂದ ಆ ನೆಲದ ಜನ ಅನುಭವಿಸಿದ ಸಂಕಟವನ್ನು ನೆನೆದಾಗ, ಅಂದು ರಾತ್ರಿ ಅಜ್ಜಿಯ ಬೆನ್ನು ಸವರಿದ ಆ ನರ್ಸಿನ ಮುಖ ಕಣ್ಣಮುಂದೆ ಬರುತ್ತದೆ. ಅವರೂ ಅವರ ಮನೆಯವರೂ ಕ್ಷೇಮವಾಗಿರಲೆಂದು ಪ್ರಾರ್ಥಿಸುತ್ತೇವೆ.

ಹಿರಿಯರೊಡನೆ ಯಾತ್ರೆ ಹೊರಡುವ ಸದಸ್ಯ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟು. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಔಷಧ ಚೀಟಿಯ ಪ್ರತಿ ಜೊತೆಗಿರಲಿ. ಪ್ರಯಾಣದ ದಿನಗಳಲ್ಲಿ ಮಾತ್ರೆಯ ವೇಳೆ ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿ. ತಾವಾಗಿಯೇ ಬಿಡದಂತೆ ನೋಡಿಕೊಳ್ಳಿ. ಬಸ್ಸು ಎಲ್ಲೆಲ್ಲಿ ನಿಲ್ಲುವುದೆಂಬುದನ್ನು ಹೊರಡುವ ಮುನ್ನವೇ ಎಲ್ಲರಿಗೂ ತಿಳಿಸಿ. ಕಾಲು ಊದಿದರೆ, ಒಂದೆರಡು ದಿನಗಳಲ್ಲಿ ತೂಕ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ.

ನಮ್ಮ ಆರೋಗ್ಯದ ಹಾಳೆ ಈಗ ಬದಲಾಗಿದೆ. ಅದರ ಮೊದಲ ಪ್ರಶ್ನೆ: "ಪ್ರಯಾಣದಲ್ಲಿ ಯಾವ ಮಾತ್ರೆಯನ್ನು ಬಿಡಬೇಕೆಂದು ಯೋಚಿಸಿದ್ದೀರಿ?" ಎರಡನೆಯದು: "ಅಲ್ಲಿ ನೀವು ನೋಡಲೇಬೇಕಾದ ಸ್ಥಳ ಯಾವುದು, ಏಕೆ?" ಕೆಂಪು ಶಾಯಿಯ ಪೆನ್ನನ್ನು ಇವೆರಡಕ್ಕೂ ಉತ್ತರ ಬಂದ ಮೇಲೆಯೇ ಕೈಗೆತ್ತಿಕೊಳ್ಳುತ್ತೇವೆ.