ಅಟ್ಟದ ಸಾಮಾನು

ಮನೆಯೆಂದ ಮೇಲೆ ಅಟ್ಟವಿರತಕ್ಕದ್ದು, ಅಟ್ಟವೆಂದ ಮೇಲೆ ಅದು ತುಂಬಿರತಕ್ಕದ್ದು ಎಂಬುದು ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಮುರಿದ ತೊಟ್ಟಿಲು, ಕಲಾಯಿ ಹೋದ ಕೊಳಗ, ಹಿಡಿಯಿಲ್ಲದ ಛತ್ರಿ, ಇವುಗಳಲ್ಲಿ ಯಾವುದನ್ನೂ ಬಿಸುಡಲು ಗೃಹಸ್ಥನಿಗೆ ಕೈ ಬಾರದು. “ಎಂದಾದರೂ ಬೇಕಾದೀತು” ಎಂಬ ಒಂದು ಮಾತಿನ ಬಲದಿಂದ ಎಷ್ಟು ಮನೆಗಳ ಅಟ್ಟಗಳು ತುಂಬಿವೆಯೋ ಬಲ್ಲವರಾರು! ಬೇಕಾದ ದಿನ ಮಾತ್ರ ಆ ವಸ್ತು ಕೈಗೆ ಸಿಕ್ಕುವುದಿಲ್ಲವೆಂಬುದು ವಾಚಕರ ಅನುಭವಕ್ಕೂ ಬಂದಿರಬಹುದು.

ಮೈಸೂರಿನಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯಲ್ಲಿ ಈಗ ಇರುವವರು ನಾವು ದಂಪತಿಗಳಿಬ್ಬರೇ. ನಮಗೆ ೭೬ ವರ್ಷ, ನಮ್ಮಾಕೆಗೆ ೭೧. ಅಟ್ಟ ಸಾಲದೆ ಕೆಳಗಿಳಿದ ಪೆಟ್ಟಿಗೆಗಳ ನಡುವೆ ನಡುಮನೆಯಲ್ಲಿ ನಡೆಯುವ ದಾರಿ ಒಂದು ಮೊಳದಷ್ಟು ಉಳಿದಿತ್ತು. ಕಳೆದ ಬೇಸಗೆಯಲ್ಲಿ ಹೈದರಾಬಾದಿನಿಂದ ಬಂದ ಮಗಳು ಅದನ್ನು ಕಂಡು, “ಅಪ್ಪಾ, ರಾತ್ರಿ ಹೊತ್ತು ಅಮ್ಮ ಎಡವಿ ಬಿದ್ದು ಸೊಂಟ ಮುರಿದುಕೊಂಡರೆ ಈ ಹಂಡೆ ಬಂದು ಎತ್ತುತ್ತದೆಯೆ?” ಎಂದು ಕೇಳಿದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವಳು ಹತ್ತು ದಿನಗಳ ರಜೆ ಪಡೆದು ಸೊಂಟ ಕಟ್ಟಿ ನಿಂತಳು.

ಅವಳ ಕ್ರಮ ಸರಳವಾದುದು. ಒಂದೊಂದು ವಸ್ತುವನ್ನೂ ಇಳಿಸಿ, ಒರಸಿ, ನಮ್ಮ ಮುಂದಿಟ್ಟು, “ಇದೇನು? ಯಾರದು?” ಎಂದು ಕೇಳುವಳು, ಹೇಳಿದುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುವಳು. ಉತ್ತರ ದೊರೆಯದ ವಸ್ತು ಗುಜರಿಗೆ. ಇದು ಕಠಿಣವಾದ ನಿಯಮವೆಂದು ತೋರಬಹುದು. ಆದರೆ ನಮಗೇ ಗುರುತು ಸಿಕ್ಕದ ವಸ್ತು ನಾಳೆ ಅವಳಿಗೆ ಹೊರೆಯಲ್ಲದೆ ಮತ್ತೇನು?

ಕಾಗದಪತ್ರಗಳಿಗೆ ಎರಡು ದಿನ ಹಿಡಿಯಿತು. ಮನೆಯ ಕ್ರಯಪತ್ರವು ಮದುವೆಯ ಕರೆಯೋಲೆಗಳ ಕಂತೆಯಲ್ಲಿ ದೊರೆಯಿತು. ಅಂಚನ್ನು ಗೆದ್ದಲು ತಿಂದಿತ್ತು. ನೋಂದಣಿಯಾದ ಪತ್ರಕ್ಕೆ ಉಪನೋಂದಣಿ ಕಚೇರಿಯಲ್ಲಿ ನಕಲು ಸಿಕ್ಕುವುದು ನಿಜ. ಆದರೂ ಮೂಲಪತ್ರದ ಬೆಲೆಯೇ ಬೇರೆ. ಅದನ್ನೂ ಖಾತೆಯ ಪತ್ರ, ಕಂದಾಯದ ರಸೀದಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಎಲ್ಲಿದೆಯೆಂಬುದನ್ನು ಮೂವರೂ ತಿಳಿದುಕೊಂಡೆವು.

ಬೇಳೆಯ ಹಳೆಯ ಡಬ್ಬಿಯೊಂದರ ತಳದಲ್ಲಿ ಐನೂರು ರೂಪಾಯಿಯ ಎರಡು ಹಳೆಯ ನೋಟುಗಳು ಸಿಕ್ಕವು. ೨೦೧೬ರ ನವೆಂಬರ್ ೮ರ ರಾತ್ರಿ ರದ್ದಾದವು. ನಮ್ಮಾಕೆ ಏನೂ ಹೇಳದೆ ಅವನ್ನು ಮಡಿಸಿ ಅದೇ ಡಬ್ಬಿಯಲ್ಲಿಟ್ಟರು. ನಾವೂ ಕೇಳಲಿಲ್ಲ. ಸಂಸಾರದಲ್ಲಿ ಕೇಳಬಾರದ ಲೆಕ್ಕಗಳೂ ಉಂಟಷ್ಟೆ. ಹಿತ್ತಾಳೆಯ ಸೇರು ಪಾವುಗಳ ವಿಚಾರದಲ್ಲಿ ಮಾತ್ರ ಆಕೆ ಜಗ್ಗಲಿಲ್ಲ. ೧೯೫೮ರಿಂದ ದೇಶಕ್ಕೆ ಕಿಲೋಗ್ರಾಮು ಬಂದಿರಬಹುದು; ನಮ್ಮ ಮನೆಯ ಅಕ್ಕಿಗೆ ಇಂದಿಗೂ ಪಾವೇ ಪ್ರಮಾಣ.

ಮಗಳ ನಿಯಮಕ್ಕೆ ಒಂದೇ ಒಂದು ಅಪವಾದವನ್ನು ನಾವು ಹಟಮಾಡಿ ಪಡೆದೆವು. ಅದು ಮುತ್ತಜ್ಜನವರ ಓಲೆಗರಿಯ ಕಟ್ಟು. ಅದರ ಲಿಪಿ ಮನೆಯಲ್ಲಿ ಯಾರಿಗೂ ಬಾರದು. ನಮ್ಮೂರಿನಲ್ಲಿ ೧೮೯೧ರಲ್ಲಿ ಸ್ಥಾಪನೆಯಾದ ಪ್ರಾಚ್ಯಗ್ರಂಥಗಳ ಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಇಂಥದೇ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ೧೯೦೫ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾಯಿತು. ನಮ್ಮ ಕಟ್ಟಿನಲ್ಲಿ ಅಂಥದೇನೂ ಇರಲಾರದು. ಬಹುಶಃ ಶ್ರಾದ್ಧದ ಪ್ರಯೋಗವಿದ್ದೀತು. ಆದರೂ ಓದಬಲ್ಲವರ ಕೈಗೆ ಅದನ್ನು ಒಪ್ಪಿಸಬೇಕೆಂದು ಬೇರೆಯಾಗಿ ತೆಗೆದಿಟ್ಟೆವು.

ಏಳನೆಯ ದಿನ ಒಂದು ತಗಡಿನ ಪೆಟ್ಟಿಗೆಯಿಂದ ಸ್ಲೇಟೊಂದು ಹೊರಬಂದಿತು. ಮರದ ಚೌಕಟ್ಟಿನ ಒಂದು ಮೂಲೆ ಬಿಟ್ಟಿತ್ತು. ಕೆಲಸದ ಭರದಲ್ಲಿ ಮಗಳು ಕೇಳುವುದನ್ನೂ ಮರೆತು ಅದನ್ನು ಗುಜರಿಯ ರಾಶಿಗೆ ಹಾಕಿದಳು. ನಮ್ಮಾಕೆ ಅಡಿಗೆಮನೆಯಿಂದ ಬಂದು, ಬಗ್ಗಿ, ಅದನ್ನು ತೆಗೆದುಕೊಂಡು ಸೆರಗಿನಿಂದ ಒರಸಿದರು.

“ಯಾರದಮ್ಮ?”

“ನಿನ್ನ ಅಣ್ಣನದು.”

ತನಗಿಂತ ಮೊದಲು ಒಂದು ಗಂಡುಮಗು ಹುಟ್ಟಿ ತೀರಿಕೊಂಡಿತೆಂದು ಅವಳು ಬಲ್ಲಳು. ಆದರೆ ಅವನು ಆರು ವರ್ಷ ಬದುಕಿದ್ದನೆಂಬುದಾಗಲಿ, ‘ಳ’ ಅಕ್ಷರವನ್ನು ತಿರುಗುಮುರುಗಾಗಿ ಬರೆಯುತ್ತಿದ್ದನೆಂಬುದಾಗಲಿ, ಬಳಪ ತಿನ್ನುವ ಅಭ್ಯಾಸಕ್ಕಾಗಿ ಅಜ್ಜಿಯಿಂದ ಏಟು ತಿನ್ನುತ್ತಿದ್ದನೆಂಬುದಾಗಲಿ ಅವಳಿಗೆ ತಿಳಿದಿರಲಿಲ್ಲ. ೧೯೮೧ರ ಮಳೆಗಾಲದಲ್ಲಿ ಬಂದ ಜ್ವರ ಮೂರನೆಯ ದಿನ ತಲೆಗೇರಿತು. ಈ ಮಾತುಗಳನ್ನೆಲ್ಲ ನಮ್ಮಾಕೆ ಅಂದು ಮಧ್ಯಾಹ್ನ ಹೇಳಿದರು. ಒಲೆಯ ಮೇಲಿನ ಸಾರು ಆರಿಹೋಯಿತು, ಯಾರೂ ಏಳಲಿಲ್ಲ. ಅಂದಿನ ತನಕ ನೋಟುಪುಸ್ತಕದಲ್ಲಿ ಒಂದು ವಸ್ತುವಿಗೆ ಒಂದು ಸಾಲು ಬರೆಯುತ್ತಿದ್ದವಳು, ಸ್ಲೇಟಿಗೆ ಎರಡು ಪುಟ ಬರೆದಳು.

ಮರುದಿನದಿಂದ ಅವಳು ಕೈಬೀಸು ಕಡಿಮೆಮಾಡಿದಳು. ಕೆಲಸ ನಿಧಾನವಾಯಿತು, ಎರಡು ಪೆಟ್ಟಿಗೆಗಳು ದೀಪಾವಳಿಯ ರಜೆಗೆಂದು ಹಾಗೆಯೇ ಉಳಿದವು. ಸ್ಲೇಟನ್ನು ಯಾರು ಇಟ್ಟುಕೊಳ್ಳಬೇಕೆಂಬ ಮಾತು ಬಂದಾಗ ತಾಯಿ ಮಗಳು ಇಬ್ಬರೂ ಸುಮ್ಮನಿದ್ದರು. ಹೊರಡುವ ದಿನ ನೋಡಿದರೆ ಅದು ಮಗಳ ಸೀರೆಗಳ ನಡುವೆ ಇದ್ದಿತು, ಇಟ್ಟವರು ತಾಯಿಯೇ.

ಹಂಡೆಯನ್ನು ಎದುರುಮನೆಯವರು ಬಚ್ಚಲಿಗೆಂದು ಕೊಂಡೊಯ್ದರು. ಏಣಿಯನ್ನೂ ಅವರಿಗೇ ಕೊಡಿಸಿದಳು, ನಮ್ಮಿಬ್ಬರಲ್ಲಿ ಯಾರೂ ಇನ್ನು ಅಟ್ಟ ಹತ್ತಕೂಡದೆಂದು. ಬೇಕಾದಾಗ ಏಣಿ ತರಿಸಿಕೊಂಡು ತಾನೇ ಹತ್ತುವಳಂತೆ.