ಮೂಲವೂ ಜೀರ್ಣೋದ್ಧಾರವೂ

ಹಳೆಯ ವಸ್ತುವನ್ನು ಪ್ರೀತಿಸುವವರಿಗೆ ಎರಡು ಭಯಗಳುಂಟು: ಮುಟ್ಟದೆ ಬಿಟ್ಟರೆ ಅದು ಹಾಳಾದೀತೆಂಬುದೊಂದು, ಮುಟ್ಟಿದರೆ ಅದು ಅದಾಗಿ ಉಳಿಯದೆಂಬುದು ಇನ್ನೊಂದು. ಜೀರ್ಣದೇವಾಲಯಗಳ ವಿಷಯದಲ್ಲಿ ನಮಗೆ ಪರಿಚಿತವಾದ ಈ ಸಂಕಟವು ಇಟಲಿಯ ಹಳೆಯ ಪಂದ್ಯದ ಮೋಟಾರುಗಳಿಗೂ ಉಂಟೆಂದರೆ ವಾಚಕರಲ್ಲಿ ಕೆಲವರು ನಕ್ಕಾರು. ಯಂತ್ರಗಳ ಚರಿತ್ರೆಯನ್ನೋದುವ ಚಪಲವು ಬಹುಕಾಲದಿಂದ ನನಗಿರುವುದರಿಂದ ನಾನು ಮಾತ್ರ ನಗಲಾರೆ.

ಮರನೆಲ್ಲೋ ಎಂಬ ಊರಿನ ಫೆರಾರಿ ಕಾರ್ಖಾನೆಯು ೧೯೬೨ರಿಂದ ೧೯೬೪ರ ವರೆಗೆ ನಿರ್ಮಿಸಿದ '೨೫೦ ಜಿ.ಟಿ.ಓ.' ಮೋಟಾರುಗಳು ನಾಲ್ವತ್ತಕ್ಕಿಂತಲೂ ಕಡಮೆ. ೧೯೪೭ರಲ್ಲಿ ಹೊರಬಂದ ಫೆರಾರಿಯ ಮೊದಲ ಮೋಟಾರಿಗಾಗಿ ಜೊವಾಕಿನೋ ಕೊಲೊಂಬೋ ಎಂಬಾತನು ಕಲ್ಪಿಸಿದ ಹನ್ನೆರಡು ಸಿಲಿಂಡರುಗಳ ಎಂಜಿನಿನ ವಂಶಕ್ಕೆ ಸೇರಿದುದು ಇವುಗಳ ಎಂಜಿನು. ಒಂದೊಂದು ಸಿಲಿಂಡರಿನ ಗಾತ್ರವು ಹೆಚ್ಚುಕಡಮೆ ೨೫೦ ಘನ ಸೆಂಟಿಮೀಟರು. ಹೆಸರಿನ ಅಂಕವು ಬಂದುದು ಅದರಿಂದಲೇ. ಎಂಜಿನಿನ ಒಡಲು ಅಲ್ಯುಮಿನಿಯಂ ಮಿಶ್ರಲೋಹದ್ದು. ಒಳಗಿನ ಕೊಳವೆಗಳು ಎರಕದ ಕಬ್ಬಿಣದವು. ಒಡಲ ಮೇಲೆ ಅಚ್ಚೊತ್ತಿದ ಅಂಕವು ಕಾರ್ಖಾನೆಯ ಲೆಕ್ಕಕ್ಕೆ ಹೊಂದಿದರೆ ಬೆಲೆ ಏರುವುದು. ೨೦೨೩ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಇಂಥದೊಂದು ಮೋಟಾರು ಐದು ಕೋಟಿ ಡಾಲರುಗಳಿಗೂ ಮೀರಿ ಮಾರಿಹೋಯಿತು.

ಆದರೆ ಲೋಹಕ್ಕೂ ಮುಪ್ಪುಂಟು. ತಂಪುನೀರು ಹರಿಯುವ ದಾರಿಗಳಲ್ಲಿ ಒಡಲು ಕೊರೆದುಹೋಗುವುದು. ಬೇರಿಂಗುಗಳೂ ಪಿಸ್ಟನಿನ ಬಳೆಗಳೂ ಸವೆಯುವುವು. ಇವುಗಳನ್ನು ಬದಲಿಸಿದರೆ ಯಾರೂ ಆಕ್ಷೇಪಿಸರು. ಒಡಲೇ ಬಿರಿದರೆ ಮಾಡತಕ್ಕುದೇನು? ಬೆಸುಗೆ ಹಾಕಬೇಕೆ, ಹೊಸತನ್ನು ಎರಕ ಹೊಯ್ಯಬೇಕೆ? ಇನ್ನೊಂದು ತೊಡಕೂ ಉಂಟು. ಪಂದ್ಯಗಳ ಕಾಲದಲ್ಲಿಯೇ ಇಂತಹ ಮೋಟಾರುಗಳ ಎಂಜಿನುಗಳು ಬದಲಾದುದುಂಟು. ಹಾಗಾದರೆ ಮೂಲವೆಂಬುದು ಹುಟ್ಟಿದ ದಿನದ್ದೋ, ಗೆದ್ದ ದಿನದ್ದೋ?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ವಿವೇಕದ ಮಾತನ್ನಾಡಿದೆ. ಪ್ರಾಚೀನ ಕಟ್ಟಡಗಳಿಗಾಗಿ ೧೯೬೪ರಲ್ಲಿ ವೆನಿಸಿನಲ್ಲಿ ರಚಿತವಾದ ಸನ್ನದೇ ಇದಕ್ಕೆ ಮೇಲ್ಪಂಕ್ತಿ. ಮಾಡಿದ ಕೆಲಸವನ್ನು ಬರೆದಿಡಬೇಕು. ಕಳಚಿದ ಮುಖ್ಯ ಭಾಗಗಳನ್ನು ವಾಹನದೊಂದಿಗೇ ಕಾಪಾಡಬೇಕು ಎಂಬುದು ಅದರ ತಾತ್ಪರ್ಯ.

ನನಗೂ ಇದೇ ಸಮ್ಮತ. ಓಡುವುದಕ್ಕಾಗಿ ಹುಟ್ಟಿದ ಎಂಜಿನು ಮೂಕವಾಗಿ ಗಾಜಿನ ಹಿಂದೆ ಕುಳಿತರೆ ಅದರ ಅರ್ಧ ಚರಿತ್ರೆಯೇ ನಮಗೆ ಕೇಳಿಸದು. ಹಾಗೆಂದು ಎಲ್ಲವನ್ನೂ ಉಜ್ಜಿ ಕನ್ನಡಿಯಂತೆ ಹೊಳೆಯಿಸಿದರೆ ಹೆಸರುಳಿಯದ ಕೆಲಸಗಾರನ ಅರದ ಗೀರುಗಳು ಅಳಿದುಹೋಗುವುವು. ಆ ನಷ್ಟವನ್ನು ಯಾವ ಧನಿಕನೂ ತುಂಬಿಕೊಡಲಾರನು. ಹೊಸ ಒಡಲನ್ನು ಹೊಸತೆಂದೇ ಹೇಳಿ ಜೋಡಿಸಿದವನು ಯಂತ್ರದ ಆಯುಸ್ಸನ್ನು ಹೆಚ್ಚಿಸಿದನು. ಅದೇ ಒಡಲ ಮೇಲೆ ಹಳೆಯ ಅಂಕವನ್ನು ಒತ್ತಿದವನು ಅದರ ಚರಿತ್ರೆಯನ್ನು ಕದ್ದನು. ಇಬ್ಬರ ಕೈಯಲ್ಲಿಯೂ ಇದ್ದ ಉಪಕರಣಗಳು ಮಾತ್ರ ಒಂದೇ.